ಆಟಿ ಅಮಾವಾಸ್ಯೆಯ ದಿನ ಮರ ಹುಡುಕಬೇಡಿ

ಎಲ್ಲರಿಗೂ ನಮಸ್ಕಾರ. ಈಚೆಗೆ ಮೊಬೈಲಿನಲ್ಲಿ ಒಂದು ಬಗೆಯ ರೀಲ್ಸ್ ಜಾಸ್ತಿ ಬರುತ್ತಿವೆ. ಕರ್ಕಾಟಕ ಸೀಸನ್ ಶುರುವಾಯಿತು, ಈ ಎಲೆ ಸುಟ್ಟು ಹೊಗೆ ಹಾಕಿ, ತೀರಿಹೋದವರ ಫೋಟೊ ಮುಂದೆ ಈ ಬಣ್ಣದ ಮೇಣದಬತ್ತಿ ಹಚ್ಚಿ ಅಂತ. ನೋಡುವವರನ್ನು ನಾನು ಹಂಗಿಸುವುದಿಲ್ಲ. ಹೋದವರ ಜೊತೆ ಏನಾದರೊಂದು ನಂಟು ಉಳಿಯಲಿ ಅನ್ನುವ ಆಸೆ ಅದರ ಹಿಂದಿದೆ. ಆದರೆ ತುಳುನಾಡಿಗೂ ಕೊಡಗಿಗೂ ಕರ್ಕಾಟಕದ ತಿಂಗಳು ಹೊಸದಲ್ಲ ಅಲ್ವಾ? ತುಳುವಿನಲ್ಲಿ ಅದು ಆಟಿ, ಕೊಡಗಿನಲ್ಲಿ ಕಕ್ಕಡ. ಮದ್ದಿನ ಸೊಪ್ಪು, ತೊಗಟೆ, ಹಿರಿಯರಿಗೆ ಬಡಿಸುವ ಎಲೆ ಎಲ್ಲವೂ ಅಲ್ಲಿ ಇವೆ.

ಮೊದಲು ದಿನದ ಲೆಕ್ಕ ನೋಡಿ. ಆ ವಿಡಿಯೊಗಳ ಪಾಶ್ಚಾತ್ಯ ಲೆಕ್ಕದ ಪ್ರಕಾರ ಸೂರ್ಯ ಕರ್ಕಾಟಕ ರಾಶಿಗೆ ಬರುವುದು ಜೂನ್ 21ರ ಸುಮಾರಿಗೆ. ನಮ್ಮ ಪಂಚಾಂಗದಲ್ಲಿ ಜುಲೈ 16 ಅಥವಾ 17. ಅವರು ಹಗಲು ಅತಿ ಉದ್ದ ಇರುವ ದಿನದಿಂದ ಎಣಿಸುತ್ತಾರೆ. ನಮ್ಮವರು ಸೂರ್ಯ ಯಾವ ನಕ್ಷತ್ರಗಳ ಹತ್ತಿರ ಇದ್ದಾನೆ ಅಂತ ಎಣಿಸುತ್ತಾರೆ. ಹೆಚ್ಚು ಕಡಿಮೆ ಮೂರೂವರೆ ವಾರದ ವ್ಯತ್ಯಾಸ. ಮಳೆಗಾಲದಲ್ಲಿ ಅದು ಸಣ್ಣದಲ್ಲ. ಜೂನ್ ಕೊನೆಯಲ್ಲಿ ಗದ್ದೆಯಲ್ಲಿ ಕೈತುಂಬ ಕೆಲಸ. ಆಟಿ ಬರುವಷ್ಟರಲ್ಲಿ ಕರಾವಳಿಯಲ್ಲಿ ನಾಟಿ ಮುಗಿದಿರುತ್ತಿತ್ತು, ಮನೆಯಲ್ಲಿ ಅಕ್ಕಿಯ ತಳ ಕಾಣುತ್ತಿತ್ತು. ಹೊರಗೆ ಬಿಡದ ಮಳೆ. ಕೆಸುವಿನ ಪತ್ರೊಡೆ, ಎಳೆ ಬಿದಿರಿನ ಕಣಿಲೆ, ತಜಂಕ್ ಸೊಪ್ಪು, ಹಲಸಿನ ಬೀಜ. ಹೊಟ್ಟೆ ತುಂಬಿಸಿದ್ದು ಇವೇ.

ಅಂಥ ಕಷ್ಟದ ತಿಂಗಳಲ್ಲೇ ಸತ್ತವರಿಗೆ ಬಡಿಸುತ್ತಾರೆ. ಇದು ನನ್ನನ್ನು ಯಾವಾಗಲೂ ತಟ್ಟುತ್ತದೆ. ಬಾಳೆ ಎಲೆಯ ಮೇಲೆ ಕೋಳಿ ಪದಾರ್ಥ, ರೊಟ್ಟಿ, ಅಜ್ಜ ಬದುಕಿದ್ದಾಗ ಇಷ್ಟಪಡುತ್ತಿದ್ದ ತಿಂಡಿ. ಎಷ್ಟೋ ಮನೆಗಳಲ್ಲಿ ಬಡಿಸಿದ ಮೇಲೆ ಸ್ವಲ್ಪ ಹೊತ್ತು ಎಲ್ಲರೂ ಆಚೆ ಸರಿಯುತ್ತಾರೆ, ಅವರು ಬಂದು ಉಣ್ಣಲಿ ಎಂದು. ಮದುವೆಯಾಗದೆ ಸತ್ತವರಿಗೆ ಎರಡು ಮನೆಯವರು ಕೂತು ಸಂಬಂಧ ಗೊತ್ತು ಮಾಡಿ ಕುಲೆ ಮದಿಮೆ, ಅಂದರೆ ಸತ್ತವರ ಮದುವೆ, ಮಾಡುವುದೂ ಇದೇ ತಿಂಗಳಲ್ಲಿ. 2022ರಲ್ಲಿ ಅಂಥ ಒಂದು ಮದುವೆಯ ಸುದ್ದಿ ಇಂಟರ್ನೆಟ್ ತುಂಬ ಹರಿದಾಡಿತು. ತುಂಬ ಜನ ನಕ್ಕರು. ಹುಟ್ಟುವಾಗಲೇ ಹೋದ ಮಗುವಿಗೂ ವರ್ಷ ತುಂಬುತ್ತಾ ಬರುತ್ತದೆ, ಈಗ ಅವಳು ಮದುವೆಯ ವಯಸ್ಸಿಗೆ ಬಂದಿದ್ದಾಳೆ ಅಂತ ಮನೆಯವರು ಲೆಕ್ಕ ಇಟ್ಟುಕೊಂಡಿರುತ್ತಾರೆ. ಅದರಲ್ಲಿ ನಗುವುದು ಏನಿದೆ?

ಕೊಡಗಿನಲ್ಲಿ ಕುಟುಂಬದ ಮೂಲ ಮನೆಯಾದ ಐನ್‌ಮನೆಯ ನಡುವೆ ನೆಲ್ಲಕ್ಕಿ ಅನ್ನುವ ಜಾಗದಲ್ಲಿ ದೀಪ ಇರುತ್ತದೆ, ಹತ್ತಿರದಲ್ಲೇ ಹಿರಿಯರ ಗುಡಿ, ಕೈಮಡ. ವರ್ಷಕ್ಕೊಮ್ಮೆ ಹಿರಿಯರಿಗೆ ಬಡಿಸುವ ಕಾರಣಂಗ್ ಕೊಡ್ಪ, ಮಾಂಸವೂ ಕಳ್ಳೋ ಸಾರಾಯಿಯೋ ಅದರಲ್ಲಿ ಇರುತ್ತದೆ. ಇದನ್ನೆಲ್ಲ ಸೈನ್ಸ್ ಅಂತ ಸಮರ್ಥಿಸುವವರು ಸಿಗುತ್ತಾರೆ. ದಯವಿಟ್ಟು ಬೇಡ. ಅಜ್ಜಿಗೆ ಬಡಿಸುವುದಕ್ಕೆ ಸೈನ್ಸಿನ ಚೀಟಿ ಯಾಕೆ ಬೇಕು?

ಮದ್ದಿನ ವಿಷಯ ಮಾತ್ರ ಬೇರೆ. ಅದು ಹೊಟ್ಟೆಗೆ ಹೋಗುವಂಥದ್ದು. ಅಲ್ಲಿ ಪ್ರಶ್ನೆ ಕೇಳಲೇಬೇಕು.

ಆಟಿ ಅಮಾವಾಸ್ಯೆಯ ಬೆಳಗಿನ ಜಾವ, ಸೂರ್ಯ ಹುಟ್ಟುವ ಮೊದಲು, ಕಷಾಯಕ್ಕೆ ಪಾಲೆ ಮರದ ತೊಗಟೆ ತರುತ್ತಾರೆ. ಕತ್ತಿ ಮುಟ್ಟಿಸುವಂತಿಲ್ಲ, ಕಲ್ಲಿನಿಂದ ಜಜ್ಜಿ ತೆಗೆಯಬೇಕು. ಅರೆದು ರಸ ಹಿಂಡಿ, ಕಾಳುಮೆಣಸು, ಬೆಳ್ಳುಳ್ಳಿ, ಓಮ ಸೇರಿಸಿ, ಕೆಂಪಗೆ ಕಾಯಿಸಿದ ಬೆಣಚುಕಲ್ಲನ್ನು ಅದರೊಳಗೆ ಬಿಡುತ್ತಾರೆ. ಚೊಂಯ್ ಅನ್ನುತ್ತದೆ. ಖಾಲಿ ಹೊಟ್ಟೆಗೆ ಆ ಕಹಿ, ಆಮೇಲೆ ಮೆಂತೆ ಗಂಜಿ. ಕತ್ತಲಲ್ಲಿ ಮರ ಹುಡುಕಿಕೊಂಡು ಹೋಗುವುದು, ಆ ಕಲ್ಲು, ಆ ಶಬ್ದ ಎಲ್ಲದರಲ್ಲೂ ಮಾಟದಂಥ ಒಂದು ಸೆಳೆತ ಇದೆ. ನನಗೆ ಅದು ತುಂಬ ಇಷ್ಟ.

ಆದರೆ ಕತ್ತಲಲ್ಲಿ ಕಾಸರಕದ ತೊಗಟೆ ತಂದರೆ? ತುಳುವಿನಲ್ಲಿ ಕಾಯೆರ್ ಅನ್ನುತ್ತಾರಲ್ಲ, ಆ ಮರ. ಅದರಲ್ಲಿರುವುದು ಸ್ಟ್ರಿಕ್ನಿನ್. ಮೈಯ ಸ್ನಾಯುಗಳೆಲ್ಲ ಸೆಟೆದುಕೊಂಡು ಉಸಿರು ನಿಲ್ಲಿಸುವ ವಿಷ. ಎರಡೂ ಮರಗಳನ್ನು ಹಗಲಲ್ಲಿ ಒಮ್ಮೆ ಸರಿಯಾಗಿ ನೋಡಿದರೆ ತಪ್ಪುವ ಸಂಭವ ಕಡಿಮೆ. ಪಾಲೆಯ ಎಲೆಗಳು ಒಂದೇ ಗೆಣ್ಣಿನ ಸುತ್ತ ಗುಂಪಾಗಿ, ಹೆಚ್ಚಾಗಿ ಏಳು ಏಳಾಗಿ ಇರುತ್ತವೆ. ಅದಕ್ಕೇ ಏಳೆಲೆ ಮರ ಅನ್ನುವುದು. ಗಾಯ ಮಾಡಿದರೆ ಬಿಳಿ ಹಾಲು ಬರುತ್ತದೆ. ಕಾಸರಕದ ಎಲೆಗಳು ಎದುರುಬದುರಾಗಿ ಎರಡೆರಡು, ಹಣ್ಣು ಕಿತ್ತಳೆ ಬಣ್ಣ, ಹಾಲು ಬರುವುದಿಲ್ಲ. ಇಷ್ಟು ಕೇಳಿ ನಾಳೆಯೇ ಹೊರಡಬೇಡಿ. ಮರ ಗೊತ್ತಿರುವವರು ಜೊತೆಗೆ ನಿಂತು ತೋರಿಸಬೇಕು.

ಕೆಲವು ಕಡೆ ಹಿಂದಿನ ದಿನವೇ ಹೋಗಿ ಮರಕ್ಕೆ ಗುರುತು ಮಾಡಿ ಬರುವ ಪದ್ಧತಿ ಇದೆ. ಈಗ ನಮಗೆ ಅಮಾವಾಸ್ಯೆ ಯಾವತ್ತು ಅಂತ ಮೊಬೈಲ್ ನೆನಪಿಸುತ್ತದೆ. ಮರ ಯಾವುದು ಅಂತ ಹೇಳುವವರು ಮನೆಯಲ್ಲಿ ಇಲ್ಲ. ನನ್ನ ಆತಂಕ ಇಷ್ಟೇ. ಆಚರಣೆ ಉಳಿಯಬೇಕು ಅಂತ ಸ್ಟೇಜ್ ಹಾಕುತ್ತೇವೆ, ಆಟಿದ ಕೂಟ ಮಾಡುತ್ತೇವೆ, ಪತ್ರೊಡೆ ತಿನ್ನುತ್ತೇವೆ. ಸಂತೋಷ. ಅದೇ ಕೂಟದ ಮಕ್ಕಳನ್ನು ಒಂದು ದಿನ ಪಾಲೆ ಮರದ ಬುಡಕ್ಕೆ ಕರೆದುಕೊಂಡು ಹೋಗುತ್ತೇವಾ? ಮಾರಿ ಕಳೆಯಲು ಮನೆ ಮನೆಗೆ ಬರುತ್ತಿದ್ದ ಆಟಿ ಕಳೆಂಜನನ್ನು ಸ್ಟೇಜಿನಲ್ಲಿ ನೋಡಿ ಚಪ್ಪಾಳೆ ಹೊಡೆಯುತ್ತೇವೆ. ಆ ವೇಷ ಕಟ್ಟುವ ನಲಿಕೆ ಸಮುದಾಯದವರು ಅಂಗಳಕ್ಕೆ ಬಂದರೆ ಅಕ್ಕಿ, ತೆಂಗಿನಕಾಯಿ ಕೊಟ್ಟು ಗೌರವದಿಂದ ಕಳಿಸುತ್ತೇವಾ?

ಗುರುತು ಹಿಡಿಯುವ ವಿಷಯದಲ್ಲಿ ಕೊಡಗಿನ ಮದ್ದು ಸೊಪ್ಪು ವಾಸಿ. ಬೇಯಿಸಿದರೆ ನೀರು ನೇರಳೆ ಬಣ್ಣ, ಮಾರನೆ ದಿನ ಮೂತ್ರವೂ ಕೆಂಪು. ಕಕ್ಕಡ 18, ಅಂದರೆ ಆಗಸ್ಟ್ 3ರ ಸುಮಾರಿಗೆ, ಅದರ ಪಾಯಸವೋ ಪುಟ್ಟೋ ಆಗಲೇಬೇಕು. ಆ ದಿನಕ್ಕೆ 18 ಬಗೆಯ ಔಷಧ ಅದರಲ್ಲಿ ಸೇರುತ್ತದೆ ಎಂಬ ನಂಬಿಕೆ. ಲ್ಯಾಬಿನಲ್ಲಿ ಪರೀಕ್ಷಿಸಿದವರು ಆಂಟಿಆಕ್ಸಿಡೆಂಟ್ ಗುಣ ಇದೆ ಅಂತ ಬರೆದಿದ್ದಾರೆ. ಲ್ಯಾಬಿನಲ್ಲಿ ಕಂಡ ಗುಣ ಒಂದು, ಮನುಷ್ಯನ ಕಾಯಿಲೆ ವಾಸಿಯಾಗುವುದು ಇನ್ನೊಂದು. ಪಾಲೆ ಕಷಾಯಕ್ಕೂ ಇದೇ ಮಾತು. ಒಂದು ಲೋಟ ಕುಡಿದರೆ ವರ್ಷವಿಡೀ ರೋಗ ಬರಲ್ಲ ಅಂತ ಯಾರಾದರೂ ಪುಡಿ ಮಾರಿದರೆ ತಗೊಳ್ಳಬೇಡಿ. ಬಸುರಿಯರು, ಚಿಕ್ಕ ಮಕ್ಕಳು, ಲಿವರ್ ಅಥವಾ ಕಿಡ್ನಿ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಕುಡಿಯುವುದು ಬೇಡ. ಅವರಿಗೆ ಮೆಂತೆ ಗಂಜಿ ಕೊಡಿ, ಹಬ್ಬ ಕೆಡುವುದಿಲ್ಲ.

ಈ ವಾರ ಊರಿಗೆ ಫೋನ್ ಮಾಡಿ. ನಮ್ಮ ಕಡೆ ಕಷಾಯದ ಮರ ಎಲ್ಲಿದೆ, ನಿಮಗೆ ತೋರಿಸಿದವರು ಯಾರು ಅಂತ ಕೇಳಿ. ಎಲೆಗೆ ಬಡಿಸುವಾಗ ಯಾರ ಯಾರ ಹೆಸರು ಹೇಳುತ್ತೀರಿ ಅಂತಲೂ ಕೇಳಿ. ಬರೆದಿಟ್ಟುಕೊಳ್ಳಿ. ಮುಂದಿನ ಸಲ ಊರಿಗೆ ಹೋದಾಗ, ಬಿಸಿಲಿರುವಾಗಲೇ, ಅವರ ಜೊತೆ ಹೋಗಿ ಆ ಮರ ನೋಡಿ ಬನ್ನಿ.