ಅಲೆ ಗಾಳಿಸಿದ ಮರಳು

ಕೇಳುಗರೇ, ನಮಸ್ಕಾರ.

ಅಕ್ಕಿಯಲ್ಲಿ ಕಲ್ಲಿದ್ದರೆ ನಮ್ಮ ಮನೆಗಳಲ್ಲಿ ನೀರು ಹಾಕಿ ಗಾಳಿಸುತ್ತಿದ್ದರು. ಅಕ್ಕಿ ನೀರಿನೊಡನೆ ಪಕ್ಕದ ಪಾತ್ರೆಗೆ ಜಾರುತ್ತಿತ್ತು, ಕಲ್ಲು ತಳದಲ್ಲಿ ನಿಲ್ಲುತ್ತಿತ್ತು. ಕೇರಳದ ಕೊಲ್ಲಂ ಬಳಿಯ ನೀಂಡಕರ, ಚವರದ ದಂಡೆಯಲ್ಲಿ ಕಡಲು ಮಾಡುತ್ತಿರುವುದು ಇದೇ ಕೆಲಸವನ್ನು.

ಅಲ್ಲಿಯ ಕಪ್ಪು ಮರಳಿನಿಂದ ಸಹಜವಾಗಿಯೇ ವಿಕಿರಣ ಹೊಮ್ಮುತ್ತದೆ. ಅದನ್ನು ಒಂದು ಹಿಡಿ ಎತ್ತಿಕೊಂಡರೆ ಅಂಗೈಗೇ ಅದರ ಭಾರ ತಿಳಿಯುತ್ತದೆ. ಆ ಕಪ್ಪು ಹೊಳಪು ಇಲ್ಮನೈಟ್ ಖನಿಜದ್ದು. ವಿಕಿರಣದ ಮೂಲ ಅದಲ್ಲ. ಅದರ ನಡುವೆ ಅಡಗಿರುವ ಜೇನುಬಣ್ಣದ ಸಣ್ಣ ಕಾಳುಗಳೇ ಮೊನಜೈಟ್. ವಿಕಿರಣ ಸೂಸುವ ಥೋರಿಯಂ ಎಂಬ ಲೋಹ ಇರುವುದು ಅದರೊಳಗೆ. ಸಾಮಾನ್ಯ ಮರಳು ನೀರಿಗಿಂತ ಎರಡೂವರೆ ಪಟ್ಟು ಭಾರವಾದರೆ ಮೊನಜೈಟ್ ಸುಮಾರು ಐದು ಪಟ್ಟು. ಬೆಟ್ಟದ ಬಂಡೆ ಸವೆದು ಹೊಳೆಯ ದಾರಿಯಲ್ಲಿ ಎರಡೂ ಕಡಲಿಗೆ ಬರುತ್ತವೆ. ಹಿಂದೆ ಸರಿಯುವ ಅಲೆ ಹಗುರವಾದದ್ದನ್ನು ಒಯ್ದು ಭಾರವಾದದ್ದನ್ನು ಬಿಟ್ಟುಹೋಗುತ್ತದೆ. 1909ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಷೋಂಬರ್ಗ್ ಇಲ್ಲಿಯ ಮೊನಜೈಟನ್ನು ಗುರುತಿಸಿದ್ದು, ಈ ದಂಡೆ ಆಗ ಸೇರಿದ್ದ ತಿರುವಾಂಕೂರು ಸಂಸ್ಥಾನದ ತೆಂಗಿನ ನಾರಿಗೆ ಅಂಟಿದ್ದ ಮರಳಿನಲ್ಲಿ!

ನಮ್ಮ ಮಂಗಳೂರಿನ ಪಕ್ಕದ ಉಳ್ಳಾಲದ ದಂಡೆಯಲ್ಲೂ ಮೊನಜೈಟ್ ಇದೆ. ಅದೂ ಅಲ್ಲಲ್ಲಿ, ತೇಪೆ ತೇಪೆಯಾಗಿ.

ಎಲ್ಲ ವಿಕಿರಣ ವಸ್ತುಗಳೂ ಹೀಗೆ ಮರಳಿನಲ್ಲೇ ನಿಲ್ಲುವುದಿಲ್ಲ. ಥೋರಿಯಂ ನೀರಿನಲ್ಲಿ ಕರಗುವುದು ತೀರಾ ಕಡಿಮೆ, ಹಾಗಾಗಿ ಕಾಳನ್ನು ಬಿಟ್ಟು ಕದಲುವುದಿಲ್ಲ. ಯುರೇನಿಯಂ ಆಮ್ಲಜನಕವಿರುವ ನೀರಿನಲ್ಲಿ ಕರಗಿ ಮುಂದೆ ಸಾಗುತ್ತದೆ. ಅಣುಬಾಂಬ್ ಪರೀಕ್ಷೆಗಳಿಂದ ಉದುರಿದ ಸೀಸಿಯಂ-137 ಎಂಬ ವಿಕಿರಣ ವಸ್ತು ಹಿಡಿದುಕೊಳ್ಳುವುದು ನುಣುಪಾದ ಜೇಡಿಯನ್ನು. ಅದನ್ನು ಹುಡುಕುವವರು ಅಳಿವೆಯ ಕೆಸರಿಗೆ ಕೊಳವೆ ಇಳಿಸುತ್ತಾರೆ. ಕೆಸರು ಕದಡದೆ ಉಳಿದಿದ್ದರೆ ಆ ಪರೀಕ್ಷೆಗಳ ಉದುರು ಅತಿ ಹೆಚ್ಚಿದ್ದ 1963ರ ಆಸುಪಾಸಿನ ಪದರದಲ್ಲಿ ಸೀಸಿಯಂ ಅತಿ ಹೆಚ್ಚು ಸಿಗುತ್ತದೆ. ಪದರಗಳ ವಯಸ್ಸನ್ನು ಅದರಿಂದಲೇ ಎಣಿಸುತ್ತಾರೆ.

ಚವರದ ಸುತ್ತಮುತ್ತ ತಲೆಮಾರುಗಳಿಂದ ಜನ ಬಾಳುತ್ತಿದ್ದಾರೆ. ಅಲ್ಲಿಯ ಕರುನಾಗಪ್ಪಳ್ಳಿಯಲ್ಲಿ ಸುಮಾರು 70,000 ಮಂದಿಯನ್ನು ಹತ್ತು ವರ್ಷಕ್ಕೂ ಮೀರಿ ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನಕ್ಕೆ, ಈ ವಿಕಿರಣದಿಂದ ಕ್ಯಾನ್ಸರ್ ಹೆಚ್ಚಿದ್ದು ಕಂಡುಬರಲಿಲ್ಲ. ಹೀಗಿರುವಾಗ ಯಾರೋ ಒಂದು ಕಪ್ಪು ಪಟ್ಟೆಯ ಮೇಲೆ ಮಾಪಕವಿಟ್ಟು ಇಡೀ ಊರಿಗೆ 'ವಿಕಿರಣದ ಊರು' ಎಂದು ಹೆಸರಿಟ್ಟರೆ ನನಗೆ ನೋವಾಗುತ್ತದೆ. ಯಾವ ಜಾಗ, ಎಷ್ಟು ಆಳ, ಯಾವ ತಿಂಗಳು ಎಂದು ಅವರನ್ನು ಕೇಳಬೇಕು. ಏಕೆಂದರೆ ಮುಂಗಾರಿನಲ್ಲಿ ಕಡಲು ದಂಡೆಯನ್ನು ಕೊರೆದು ಹೊಸದಾಗಿ ಗಾಳಿಸುತ್ತದೆ, ಮೇ ತಿಂಗಳಲ್ಲಿ ಕಂಡ ಪಟ್ಟೆ ಸೆಪ್ಟೆಂಬರಿನಲ್ಲಿ ಅಲ್ಲೇ ಇರಬೇಕೆಂದಿಲ್ಲ.

ನಮಸ್ಕಾರ.