ಬೋರೆ ಗಿಡದ ಬೂದು ಹುಳುಗಳು

ಕೇಳುಗರೆ, ನಮಸ್ಕಾರ.

ಹೊಲದ ಬದುವಿನ ಬೋರೆ ಗಿಡವನ್ನು, ಅಂದರೆ ಎಲಚಿಯನ್ನು, ಒಮ್ಮೆ ಹತ್ತಿರದಿಂದ ನೋಡಿ. ಎಲೆಯ ಅಂಚನ್ನು ಯಾರೋ ಉಗುರಿನಿಂದ ಚಿವುಟಿದ ಹಾಗಿದ್ದರೆ, ಬೂದು ಮೂತಿಹುಳು ಅಲ್ಲೇ ಎಲ್ಲೋ ಕೂತಿರುತ್ತದೆ. ಕೈ ಚಾಚಿದಿರೋ, ಕಾಲು ಮಡಚಿ ಸತ್ತ ಹಾಗೆ ಉದುರಿಬಿಡುತ್ತದೆ. ಅದಕ್ಕೇ ನಾನು ಗಿಡದ ಕೆಳಗೆ ಕೊಡೆಯನ್ನು ತಲೆಕೆಳಗಾಗಿ ಹಿಡಿದು ಕೊಂಬೆಗೆ ಎರಡು ಏಟು ಕೊಡುತ್ತೇನೆ. "ಮಳೆ ಇಲ್ವಲ್ಲ ಸ್ವಾಮಿ" ಅಂತ ದಾರಿಹೋಕರು ನಗುತ್ತಾರೆ. ನಗಲಿ.

ಮೂತಿಹುಳು ಅಂದ ಕೂಡಲೇ ಅಕ್ಕಿ ಡಬ್ಬದ ಹುಳುವಿನ ಉದ್ದ ಸೊಂಡಿಲು ನೆನಪಾಗುತ್ತದೆ, ಅಲ್ವಾ? ಇವುಗಳದು ಮೊಂಡು ಮೂತಿ. ಗಾತ್ರ ಹೆಚ್ಚೆಂದರೆ ಒಂದು ಭತ್ತದ ಕಾಳಿನಷ್ಟು. ಕುಲದ ಹೆಸರು ಮಿಲ್ಲೊಸೆರಸ್. ಅದರಲ್ಲಿ ಹಲವು ಜಾತಿಗಳು, ಒಂದರ ಹಾಗೆ ಇನ್ನೊಂದು.

ಬಣ್ಣ ನಂಬಿ ನಾನೇ ಮೋಸ ಹೋಗಿದ್ದೇನೆ. ಹಸಿರು ಹುಳು, ಕಪ್ಪು ಹುಳು ಅಂತ ಎರಡು ಸೀಸೆಗೆ ಹಾಕಿ ಎರಡು ಹೆಸರು ಬರೆದೆ. ಮನೆಗೆ ಬಂದು ಮಸೂರದಲ್ಲಿ ನೋಡಿದರೆ, ಕಪ್ಪು ಹುಳುವಿನ ಕಾಲಿನ ಸಂದಿಯಲ್ಲಿ ಹಸಿರು ಪುಡಿ ಉಳಿದಿತ್ತು! ಚಿಟ್ಟೆ ಮುಟ್ಟಿದರೆ ಬೆರಳಿಗೆ ಹತ್ತುತ್ತದಲ್ಲ, ಅಂಥದೇ ಸಣ್ಣ ಹುರುಪೆ ಇವುಗಳ ಮೈತುಂಬ ಇರುತ್ತದೆ. ವಯಸ್ಸಾದ ಹಾಗೆ ಅದು ಸವೆದು ಕೆಳಗಿನ ಕಪ್ಪು ಕಾಣುತ್ತದೆ.

ಹಾಗಾದರೆ ನೋಡಬೇಕಾದ್ದು ಏನು? ತೊಡೆ. ಹೌದು, ಹುಳುವಿನ ತೊಡೆ. ಹತ್ತು ಪಟ್ಟು ದೊಡ್ಡದು ಮಾಡುವ ಮಸೂರ ಹಿಡಿದು ಅದರ ಮುಳ್ಳು ಎಣಿಸಿ. 2000ದಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಶ್ರೀಲಂಕಾ ಮೂಲದ ಮಿಲ್ಲೊಸೆರಸ್ ಸಿಕ್ಕಿತು. ಅಲ್ಲಿನ ಬೇರೆ ಮೂತಿಹುಳುಗಳ ನಡುವೆ ಅದನ್ನು ಗುರುತಿಸಲು ಹಳದಿ ತಲೆಯ ಜೊತೆಗೆ ತೊಡೆಯ ಮುಳ್ಳನ್ನೂ ನೋಡುತ್ತಾರೆ. ಮುಂದಿನ ತೊಡೆಗೆ ಎರಡು, ಹಿಂದಿನದಕ್ಕೆ ಮೂರು. ಈ ಹುಳುವಿನ ಹೆಸರೂ ಒಂದು ಕಡೆ ನಿಲ್ಲಲಿಲ್ಲ. ಮೊದಲು ನಮ್ಮಲ್ಲಿರುವ ಅಂಡೆಸಿಂಪುಸ್ಟುಲೇಟಸ್ ಜಾತಿಯ ಉಪಜಾತಿ ಅಂದರು. ಹೇಳುವಾಗ ನಾಲಿಗೆ ತೊಡರುತ್ತದೆ, ಕ್ಷಮಿಸಿ. ಆಮೇಲೆ ಅಂಡೇಟಸ್ ಎಂಬ ಬೇರೆ ಜಾತಿಯೇ ಅಂದರು. ಆ ಉದ್ದನೆಯ ಹೆಸರಿನಲ್ಲಿ ಹನ್ನೊಂದು ಚುಕ್ಕೆ ಎಂಬ ಅರ್ಥ ಇದೆ. ಸುಮ್ನೆ ಚುಕ್ಕೆ ಎಣಿಸುತ್ತಾ ಕೂರಬೇಡಿ, ಸವೆಯುವ ಬಣ್ಣವೇ ಅದೂ.

ಮುಳ್ಳಿನಿಂದಲೂ ಬಗೆಹರಿಯದಿದ್ದರೆ ಗಂಡು ಹುಳುವಿನ ಜನನಾಂಗ ಬಿಡಿಸಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಅದು ಕೀಟತಜ್ಞರ ಕೆಲಸ. ಹುಳುವನ್ನು ಸ್ಪಿರಿಟ್ಟಿನಲ್ಲಿಟ್ಟು ಅವರಿಗೆ ಕೊಡುವ ಸೀಸೆಯೊಳಗೆ ಒಂದು ಚೀಟಿ ಹಾಕಿ: ಯಾವ ಗಿಡ, ಯಾವ ಊರು, ಯಾವ ದಿನ. ಪೆನ್ಸಿಲಿನಲ್ಲೇ ಬರೆಯಿರಿ. ಪೆನ್ನಿನ ಶಾಯಿ ಸ್ಪಿರಿಟ್ಟಿನಲ್ಲಿ ಕರಗಿಹೋಗುತ್ತದೆ.

ನಮಸ್ಕಾರ.