ರಿಪೋರ್ಟ್ ನಾರ್ಮಲ್, ಮೂಳೆ?

ಕೇಳುಗರೇ, ನಮಸ್ಕಾರ.

ಎಡಗೈ ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದ ಒಬ್ಬ ತಾಯಿ ನನ್ನೆದುರು ಕೂತಿದ್ದರು. ವಯಸ್ಸು 58. ಮುಟ್ಟು ನಿಂತು ಏಳು ವರ್ಷ ಆಗಿತ್ತು. ಮೆಟ್ಟಿಲಿಂದ ಉರುಳಿದ್ದೇನೂ ಇಲ್ಲ. ನಡೆಯುವಾಗ ಮುಗ್ಗರಿಸಿ ನೆಲಕ್ಕೆ ಕೈ ಊರಿದ್ದರು, ಅಷ್ಟೇ. ಬಲಗೈಯಲ್ಲಿ ರಕ್ತಪರೀಕ್ಷೆಯ ಹಾಳೆ. ಒಂದು ಸಾಲಿನ ಮೇಲೆ ಬೆರಳಿಟ್ಟು ಕೇಳಿದರು: "ಕ್ಯಾಲ್ಸಿಯಂ 9.4 ಇದೆ, ನಾರ್ಮಲ್ ಅಂತಾರೆ. ಮತ್ತೆ ಮೂಳೆ ಯಾಕೆ ಮುರೀತು ಡಾಕ್ಟ್ರೇ?"

ಎಷ್ಟು ಸರಿಯಾದ ಪ್ರಶ್ನೆ ಅಲ್ವಾ?

ನಮ್ಮ ಮೈಯ ಕ್ಯಾಲ್ಸಿಯಂನಲ್ಲಿ ಶೇಕಡಾ 99ರಷ್ಟು ಮೂಳೆ ಮತ್ತು ಹಲ್ಲುಗಳಲ್ಲೇ ಇದೆ. ರಕ್ತದಲ್ಲಿ ಓಡಾಡುವುದು ಚೂರೇ ಚೂರು. ಆದರೆ ಹೃದಯ ಬಡಿಯಲು, ಸ್ನಾಯು ಬಿಗಿಯಲು, ನರ ಕೆಲಸ ಮಾಡಲು ಆ ಚೂರು ಬೇಕೇ ಬೇಕು. ಅದಕ್ಕೇ ದೇಹ ಅದನ್ನು ಒಂದು ಡೆಸಿಲೀಟರ್, ಅಂದರೆ 100 ಮಿಲಿಲೀಟರ್, ರಕ್ತಕ್ಕೆ ಸುಮಾರು 8.5ರಿಂದ 10.5 ಮಿಲಿಗ್ರಾಂ ಒಳಗೆ ಹಿಡಿದಿಡುತ್ತದೆ.

ಇದರ ಕಾವಲಿಗೆ ಕುತ್ತಿಗೆಯಲ್ಲಿ, ಥೈರಾಯ್ಡ್ ಹಿಂದೆ, ಸಾಮಾನ್ಯವಾಗಿ ನಾಲ್ಕು ಪುಟ್ಟ ಗ್ರಂಥಿಗಳಿರುತ್ತವೆ. ಒಂದೊಂದೂ ಅಕ್ಕಿಕಾಳಿನಷ್ಟು. ಹೆಸರು ಪ್ಯಾರಾಥೈರಾಯ್ಡ್. ರಕ್ತದಲ್ಲಿ ಕ್ಯಾಲ್ಸಿಯಂ ಸ್ವಲ್ಪ ಇಳಿದರೂ ಇವು ಹಾರ್ಮೋನ್ ಸುರಿಸುತ್ತವೆ. ಆಗ ಕಿಡ್ನಿ ಕ್ಯಾಲ್ಸಿಯಂ ಹೊರಗೆ ಹೋಗದಂತೆ ತಡೆಯುತ್ತದೆ. ವಿಟಮಿನ್ ಡಿ ಚುರುಕಾಗಿ ಕರುಳು ಜಾಸ್ತಿ ಹೀರುತ್ತದೆ. ಜೊತೆಗೆ ಮೂಳೆಯಿಂದಲೂ ಕ್ಯಾಲ್ಸಿಯಂ ಎಳೆದು ರಕ್ತಕ್ಕೆ ಹಾಕಲಾಗುತ್ತದೆ. ರಕ್ತ ಅಡುಗೆಮನೆಯ ಡಬ್ಬಿ ಇದ್ದಂತೆ, ಮೂಳೆ ಕಣಜ ಇದ್ದಂತೆ. ಡಬ್ಬಿ ಯಾವತ್ತೂ ತುಂಬಿಯೇ ಕಾಣುತ್ತದೆ. ಕಣಜದಲ್ಲಿ ಎಷ್ಟು ಉಳಿದಿದೆ ಅಂತ ಡಬ್ಬಿ ನೋಡಿದರೆ ಗೊತ್ತಾಗುತ್ತಾ?

ಮೂಳೆ ಜೀವ ಇರುವ ವಸ್ತು. ಹಳೆಯದನ್ನು ಕೆರೆದು ತೆಗೆಯುವ ಜೀವಕೋಶಗಳಿವೆ, ಹೊಸದನ್ನು ಕಟ್ಟುವ ಜೀವಕೋಶಗಳೂ ಇವೆ. ಕೆರೆಯುವ ಕೋಶಗಳಿಗೆ ಲಗಾಮು ಹಾಕಿದ್ದದ್ದು ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನ್. ಮುಟ್ಟು ನಿಂತಾಗ ಆ ಲಗಾಮು ಸಡಿಲವಾಗುತ್ತದೆ. ಕಟ್ಟುವ ಕೋಶಗಳು ಹಿಂದೆ ಬೀಳುತ್ತವೆ. ಕೆಲವರಲ್ಲಿ ಮೊದಲ ಐದರಿಂದ ಏಳು ವರ್ಷದಲ್ಲೇ ಮೂಳೆಯ ಸಾಂದ್ರತೆ ಶೇಕಡಾ 20ರವರೆಗೂ ಕರಗಬಹುದು. ನೋವಿಲ್ಲ, ಸದ್ದಿಲ್ಲ. ಅಷ್ಟೂ ದಿನ ರಕ್ತದ ರಿಪೋರ್ಟ್ ಮಾತ್ರ ನಾರ್ಮಲ್ ಅನ್ನುತ್ತಲೇ ಇರುತ್ತದೆ.

ಹಾಗಂತ ರಕ್ತಪರೀಕ್ಷೆ ಸುಮ್ನೆ ಅಂತಲ್ಲ. ಅದನ್ನು ಓದುವ ರೀತಿ ಬೇರೆ. ಕ್ಯಾಲ್ಸಿಯಂ ಮಿತಿಗಿಂತ ಸ್ವಲ್ಪವೇ ಜಾಸ್ತಿ ಇದ್ದರೆ "ಒಳ್ಳೇದೇ ಆಯ್ತು" ಅಂದುಕೊಳ್ಳಬೇಡಿ. ಪ್ಯಾರಾಥೈರಾಯ್ಡ್ ಗ್ರಂಥಿಯೊಂದು ಬೆಳೆದು ಬೇಕಿಲ್ಲದಿದ್ದರೂ ಹಾರ್ಮೋನ್ ಸುರಿಸುತ್ತಿರಬಹುದು. ಮುಟ್ಟು ನಿಂತ ಹೆಂಗಸರಲ್ಲಿ ಇದು ಅಪರೂಪವೇನಲ್ಲ, ಮೂಳೆಯನ್ನು ಸವೆಸುತ್ತದೆ. ಕ್ಯಾಲ್ಸಿಯಂ ಕಡಿಮೆ ಕಂಡರೆ ಆಲ್ಬುಮಿನ್ ಎಷ್ಟಿದೆ ನೋಡಬೇಕು, ಯಾಕೆಂದರೆ ರಕ್ತದ ಕ್ಯಾಲ್ಸಿಯಂನ ಒಂದು ದೊಡ್ಡ ಪಾಲು ಆ ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ವಿಟಮಿನ್ ಡಿ ತೀರಾ ಇಳಿದು, ರಂಜಕ ಕಡಿಮೆಯಾಗಿ, ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ ಏರಿದ್ದರೆ ಮೂಳೆ ಮೆತ್ತಗಾಗುವ ಇನ್ನೊಂದು ಕಾಯಿಲೆಯ ಅನುಮಾನ ಬರುತ್ತದೆ.

ಮೆಗ್ನೀಸಿಯಂ ಬಗ್ಗೆ ಯಾರೂ ಕೇಳುವುದೇ ಇಲ್ಲ. ಅದು ತೀರಾ ಕಡಿಮೆಯಾದರೆ ಪ್ಯಾರಾಥೈರಾಯ್ಡ್ ಹಾರ್ಮೋನೇ ಸರಿಯಾಗಿ ಹೊರಡುವುದಿಲ್ಲ. ಆಗ ಎಷ್ಟು ಕ್ಯಾಲ್ಸಿಯಂ ಕೊಟ್ಟರೂ ರಕ್ತದಲ್ಲಿ ನಿಲ್ಲುವುದಿಲ್ಲ. ಕೈಬೆರಳು, ತುಟಿಯ ಸುತ್ತ ಜುಮುಜುಮು ಅನ್ನುತ್ತದೆ. ಮೈಯ ಮೆಗ್ನೀಸಿಯಂನಲ್ಲೂ ಅರ್ಧಕ್ಕಿಂತ ಹೆಚ್ಚು ಇರುವುದು ಮೂಳೆಯಲ್ಲೇ, ರಕ್ತದಲ್ಲಿರುವುದು ಶೇಕಡಾ 1ಕ್ಕಿಂತ ಕಡಿಮೆ.

ಮೂಳೆಯ ಗಟ್ಟಿತನ ತಿಳಿಯಲು ಡೆಕ್ಸಾ ಸ್ಕ್ಯಾನ್ ಇದೆ, ಎಕ್ಸ್‌ರೇಯಿಂದ ಮೂಳೆಯ ಸಾಂದ್ರತೆ ಅಳೆಯುವ ಪರೀಕ್ಷೆ. ಹತ್ತು ಹದಿನೈದು ನಿಮಿಷ ಮಲಗಿದರೆ ಸಾಕು. ಸೊಂಟದ ಮತ್ತು ಬೆನ್ನಿನ ಮೂಳೆಗೆ ಟಿ-ಸ್ಕೋರ್ ಬರುತ್ತದೆ, ಅಂದರೆ ಆರೋಗ್ಯವಂತ ಯುವಜನರ ಮೂಳೆಗೆ ಹೋಲಿಸಿದ ಅಂಕ. ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೋಪೊರೋಸಿಸ್, ಅಂದರೆ ಮೂಳೆ ಸವೆದು ಸುಲಭಕ್ಕೆ ಮುರಿಯುವ ಕಾಯಿಲೆ. 65 ತುಂಬಿದ ಹೆಂಗಸರಿಗೆ ಈ ಸ್ಕ್ಯಾನ್ ಬೇಕು. ಮುಟ್ಟು ಬೇಗ ನಿಂತವರು, ಬಹಳ ದಿನ ಸ್ಟೀರಾಯ್ಡ್ ತೆಗೆದುಕೊಂಡವರು, ಸಣ್ಣ ಪೆಟ್ಟಿಗೇ ಮೂಳೆ ಮುರಿದುಕೊಂಡವರು ಅಲ್ಲಿವರೆಗೆ ಕಾಯಬಾರದು.

ಆ ತಾಯಿಯನ್ನು ಗೋಡೆಗೆ ನಿಲ್ಲಿಸಿ ಎತ್ತರ ಅಳೆದೆ. ಹಳೆಯ ಚೀಟಿಯಲ್ಲಿ 158 ಸೆಂಟಿಮೀಟರ್ ಅಂತಿತ್ತು. ಈಗ 154. ಎಕ್ಸ್‌ರೇ ತೆಗೆಸಿದರೆ ಬೆನ್ನಿನ ಒಂದು ಕಶೇರು ಆಗಲೇ ಕುಸಿದಿತ್ತು. "ಬೆನ್ನು ನೋಯ್ತಿತ್ತು, ವಯಸ್ಸಾಯ್ತಲ್ಲ ಅಂತ ಬಿಟ್ಟೆ" ಅಂದರು. ಅವರ ಆ ಮಾತು ನನಗೆ ಇವತ್ತಿಗೂ ಸಂಕಟ ಕೊಡುತ್ತದೆ.

ಮೂಳೆ ಸವೆತ ತಡೆಯುವ ಔಷಧಿ ಶುರು ಮಾಡಿದೆವು. ಇಷ್ಟು ಸವೆದ ಮೇಲೆ ಬರೀ ಕ್ಯಾಲ್ಸಿಯಂ ಮಾತ್ರೆ ಸಾಲದು. ಊಟ, ಮಾತ್ರೆ ಎಲ್ಲಾ ಸೇರಿ ದಿನಕ್ಕೆ ಸುಮಾರು 1200 ಮಿಲಿಗ್ರಾಂ ಕ್ಯಾಲ್ಸಿಯಂ ಸಾಕು. ಮಾತ್ರೆಯಾದರೆ ಒಂದು ಸಲಕ್ಕೆ 500ಕ್ಕಿಂತ ಜಾಸ್ತಿ ಬೇಡ, ಕರುಳು ಅದಕ್ಕಿಂತ ಹೆಚ್ಚನ್ನು ಚೆನ್ನಾಗಿ ಹೀರುವುದಿಲ್ಲ. ಕಿಡ್ನಿಯಲ್ಲಿ ಕಲ್ಲು ಇದ್ದವರು ಕೇಳದೆ ನುಂಗಬೇಡಿ.

ಪ್ಲಾಸ್ಟರ್ ಬಿಚ್ಚಿದ ದಿನ ಬಾಗಿಲವರೆಗೆ ಹೋದವರು ತಿರುಗಿ ನಿಂತರು. "ನಮ್ಮಕ್ಕನಿಗೆ 63. ಅವಳ ರಿಪೋರ್ಟೂ ನಾರ್ಮಲ್ ಅಂತಾನೇ ಇದೆ. ಕರ್ಕೊಂಡು ಬರ್ಲಾ?"

ನಾಳೆಯೇ ಕರ್ಕೊಂಡು ಬನ್ನಿ ಅಂದೆ.

ನಮಸ್ಕಾರ.